ಎರಿ ಹೊಲ, ಮಸಾರಿ ಹೊಲ: ಇಬ್ಬರು ಶಿಕ್ಷಕರು ಸೇರಿ ಒಂದು ಆನ್‌ಲೈನ್ ವಿಜ್ಞಾನ ಪಾಠ ಮಾಡುವ ಬಗೆ

ಇಬ್ಬರು ವಿಜ್ಞಾನ ಶಿಕ್ಷಕರು ಸೇರಿ ಆನ್‌ಲೈನ್ ಪಾಠ ಮಾಡೋಣ ಅಂದಾಗ ಮೊದಲು ಬರುವ ಮಾತು ‘ಮೊದಲ ಅರ್ಧ ನೀವು ಮಾಡ್ರಿ ಸರ್, ಉಳಿದದ್ದು ನಾ ಮಾಡ್ತೀನಿ’. ಪಾಠ ಕೆಡುವುದು ಅಲ್ಲಿಂದಲೇ. ಹೀಗೆ ಪಾಲು ಮಾಡಿಕೊಂಡ ಪಾಠದಲ್ಲಿ ಒಂದೇ ವ್ಯಾಖ್ಯೆ ಎರಡು ಸಲ ಬರುತ್ತದೆ, ನಡುವಿನ ಕೊಂಡಿ ಯಾರ ಪಾಲಿಗೂ ಬಂದಿರುವುದಿಲ್ಲ. ಸ್ಲೈಡುಗಳ ಮಾತು ಎತ್ತುವ ಮೊದಲು ಇಬ್ಬರೂ ಒಪ್ಪಬೇಕಾದದ್ದು ಎರಡು ಸಂಗತಿ: ಮಕ್ಕಳ ಮುಂದೆ ಇಡುವ ಒಂದು ಪ್ರಶ್ನೆ, ಅದಕ್ಕೆ ಉತ್ತರ ಹುಡುಕಲು ಮಾಡುವ ಒಂದು ಅಳತೆ. ಇವು ಗಟ್ಟಿಯಾದರೆ ಉಳಿದದ್ದು ಬರೀ ದುಡಿಮೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಮಣ್ಣಿನಲ್ಲಿ ನೀರು ಇಂಗುವ ಪಾಠ. ಒಬ್ಬರು ನರಗುಂದ, ರೋಣ, ನವಲಗುಂದ ಕಡೆಯ ಶಾಲೆಯವರು, ಸುತ್ತಲೂ ಎರಿ, ಅಂದರೆ ಕಪ್ಪು ಜೇಡಿ ಮಣ್ಣು. ಇನ್ನೊಬ್ಬರು ಹಾನಗಲ್ಲ, ಶಿಗ್ಗಾವಿ ಅಥವಾ ಕಲಘಟಗಿ ಕಡೆಯವರು, ಅಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು ಸಿಗುತ್ತದೆ. ಇಬ್ಬರು ಬೇಕೇ ಬೇಕು ಅನ್ನುವಂಥ ವಿಷಯ ಇದು. ದ್ಯುತಿಸಂಶ್ಲೇಷಣೆಯನ್ನು ಒಬ್ಬರೇ ಕೂತು ಚೆನ್ನಾಗಿ ಮಾಡಬಹುದು, ಅದಕ್ಕೆ ಇನ್ನೊಂದು ಊರಿನ ಗೆಳೆಯರನ್ನು ಕೂಡಿಸಿಕೊಂಡರೆ ಕೆಲಸ ಹೆಚ್ಚುತ್ತದೆಯೇ ಹೊರತು ಪಾಠ ಹೆಚ್ಚುವುದಿಲ್ಲ. ಜಾಗ ಬದಲಾದರೆ ಉತ್ತರ ಬದಲಾಗುವ ವಿಷಯವನ್ನೇ ಆರಿಸಿ. ಆರಿಸುವ ಮೊದಲು ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾದಲ್ಲಿ ಏನಿದೆ ನೋಡಿಕೊಳ್ಳಿ. ಅಲ್ಲಿ ಇರುವ ವಿವರಣೆಯನ್ನೇ ಮತ್ತೊಮ್ಮೆ ಚಿತ್ರೀಕರಿಸುವುದು ಬೇಡ.

ಮೊದಲ ಮಾತುಕತೆ, ಒಂದು ಹಾಳೆ

ಮೊದಲ ಕರೆ 45 ನಿಮಿಷ ಇರಲಿ. ಆ ಕರೆ ಮುಗಿಯುವಾಗ ಒಂದೇ ಹಾಳೆಯಲ್ಲಿ ಇಷ್ಟು ಬರೆದಿರಬೇಕು: ಯಾವ ತರಗತಿ, ಪ್ರಶ್ನೆ ಏನು, ಅಳತೆ ಏನು, ಪಾಠದ ಕೊನೆಗೆ ಮಗು ಏನು ಮಾಡಿ ತೋರಿಸಬೇಕು, ಯಾವ ವಾರ ನೇರ ತರಗತಿ. ‘ಮಣ್ಣಿನ ಗುಣಗಳು’ ಅನ್ನುವುದು ಪ್ರಶ್ನೆಯಲ್ಲ, ಅಧ್ಯಾಯದ ಹೆಸರು. ‘ಮಳೆ ನಿಂತ ಮೇಲೆ ನರಗುಂದದಾಗ ಕಡಲಿ, ಬಿಳಿಜೋಳ ಬಿತ್ತತಾರ, ಬರೀ ಮಸಾರಿ ಇರೋ ಹೊಲದಾಗ ಹಂಗ ಬಿತ್ತಿದ್ರ ಯಾಕ ಬರಂಗಿಲ್ಲ?’ ಅನ್ನುವುದು ಪ್ರಶ್ನೆ. ಹಿಂಗಾರಿ ಬೆಳೆ ನಿಂತಿರುವುದೇ ಎರಿ ಹಿಡಿದಿಟ್ಟುಕೊಂಡ ತೇವದ ಮೇಲೆ. ಮಕ್ಕಳ ಮನೆಯ ಮಾತಿನಲ್ಲಿ ಇರುವ ಈ ಸಂಗತಿಗೆ ಅಳತೆಯ ಆಧಾರ ಕೊಡುವುದೇ ಪಾಠದ ಕೆಲಸ.

ಅಳತೆಯೂ ಅಷ್ಟೇ ಖಚಿತವಾಗಿರಲಿ. ಇಲ್ಲಿ ಎರಡು ಅಳತೆಗಳಿವೆ, ಇವನ್ನು ಬೆರೆಸಿದರೆ ಪಾಠ ಕೆಟ್ಟಂತೆ. ಒಂದು, ಇಂಗುವ ವೇಗ: ಎಷ್ಟು ಮಿಲಿ ನೀರು ಎಷ್ಟು ನಿಮಿಷದಲ್ಲಿ ಇಳಿಯಿತು. 200 ಮಿಲಿ ಇಳಿಯಲು 20 ನಿಮಿಷ ಹಿಡಿದರೆ ನಿಮಿಷಕ್ಕೆ 10 ಮಿಲಿ. ಇನ್ನೊಂದು, ಹಿಡಿದಿಡುವ ನೀರು: ಹಾಕಿದ್ದರಲ್ಲಿ ಎಷ್ಟು ಕೆಳಗೆ ಸೋರದೆ ಮಣ್ಣಿನಲ್ಲೇ ಉಳಿಯಿತು. ಎರಿಯಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ‘ಎರಿ ಮಣ್ಣು ನೀರು ಹೀರುವುದಿಲ್ಲ’ ಎಂದು ಬರೆಯುವ ಮಗು ವೇಗವನ್ನು ನೋಡಿ ಪ್ರಮಾಣವನ್ನು ಹೇಳುತ್ತಿರುತ್ತದೆ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಮನಸ್ಸಿನಲ್ಲಿಟ್ಟು ಸ್ಲೈಡು ಮಾಡಿದರೆ ಈ ಗೊಂದಲವನ್ನು ನಾವೇ ಹುಟ್ಟಿಸಿದಂತಾಗುತ್ತದೆ.

40 ನಿಮಿಷದ ಪಿರಿಯಡ್ಡನ್ನು ಹಾಗೇ ಪರದೆಗೆ ಎತ್ತಬೇಡಿ. ನಾಲ್ಕು ನಾಲ್ಕು ನಿಮಿಷದ ಮೂರು ವಿಡಿಯೊ, ಮನೆಯಲ್ಲಿ ಮಾಡುವ ಒಂದು ಪ್ರಯೋಗ, ಅಳತೆ ತುಂಬುವ ಒಂದು ಫಾರ್ಮ್, ಕೊನೆಗೆ 30 ನಿಮಿಷದ ನೇರ ತರಗತಿ. ಇದಕ್ಕಿಂತ ಹೆಚ್ಚು ಬೇಡ.

ಯಾರು ಏನು ಮಾಡಬೇಕು

ಪ್ರಯೋಗ ಇಬ್ಬರೂ ಮಾಡಬೇಕು. ಸ್ಕ್ರಿಪ್ಟ್ ಒಬ್ಬರೇ ಬರೆಯಬೇಕು. ವಿಡಿಯೊ ಕತ್ತರಿಸಿ ಜೋಡಿಸುವುದನ್ನು ಇನ್ನೊಬ್ಬರು ಹೊರಬೇಕು, ಫಾರ್ಮ್ ಮತ್ತು ಅದರ ಉತ್ತರಗಳು ಸೇರುವ ಶೀಟ್, ಸ್ಕ್ರಿಪ್ಟ್ ಬರೆದವರ ಪಾಲಿಗೆ ಬರಲಿ. ಸ್ಕ್ರಿಪ್ಟನ್ನು ಇಬ್ಬರೂ ಸಾಲು ಸಾಲು ಹಂಚಿಕೊಂಡು ಬರೆದರೆ ಧ್ವನಿ ಎರಡಾಗಿ ಒಡೆಯುತ್ತದೆ, ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ.

ತಿದ್ದುವ ವಿಷಯದಲ್ಲಿ ನಮ್ಮ ಕಡೆ ಒಂದು ಸಂಕೋಚ ಇದೆ. ಒಬ್ಬರು 20 ವರ್ಷ ಹಳಬರು, ಇನ್ನೊಬ್ಬರು ಈಚೆಗೆ ಸೇರಿದವರು ಅಂದರೆ ಕಿರಿಯರು ‘ಸರ್ ಬರದಾರಂದ್ರ ಸರಿನ ಇರತೈತಿ’ ಎಂದು ಬಿಟ್ಟುಬಿಡುತ್ತಾರೆ. ಇದನ್ನು ದಾಟಲು ಬಾಯಿಮಾತಿನ ಬದಲು ಬರಹದ ಗುರುತು ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ತಿದ್ದಿದ್ದು ಸಲಹೆಯಾಗಿ ಮಾತ್ರ ಕಾಣುವ ಸಜೆಸ್ಟಿಂಗ್ ಮೋಡ್ ಹಾಕಿ, ಪ್ರತಿ ಟಿಪ್ಪಣಿಯ ಮೊದಲು ಮೂರರಲ್ಲಿ ಒಂದು ಅಕ್ಷರ: ‘ವಿ’ ಅಂದರೆ ವಿಷಯವೇ ತಪ್ಪು, ‘ಮ’ ಅಂದರೆ ಮಕ್ಕಳಿಗೆ ತಿಳಿಯುವುದಿಲ್ಲ, ‘ಭಾ’ ಅಂದರೆ ಬರೀ ಭಾಷೆ. ‘ವಿ’ ಇರುವ ಯಾವ ಟಿಪ್ಪಣಿಯನ್ನೂ ಮಾತಾಡದೆ ಮುಚ್ಚುವಂತಿಲ್ಲ. ‘ಭಾ’ ಇದ್ದರೆ ಬರೆದವರ ಇಷ್ಟ. ಹಿರಿಯರೂ ಕಿರಿಯರ ಬರಹಕ್ಕೆ ಕಡಿಮೆಯೆಂದರೆ ಒಂದಾದರೂ ‘ವಿ’ ಹುಡುಕಲೇಬೇಕು ಎಂಬ ಕರಾರು ಇದ್ದರೆ ಎರಡೂ ಕಡೆಯ ಬಿಗಿ ಸಡಿಲವಾಗುತ್ತದೆ.

ಈ ಪಾಠದಲ್ಲಿ ‘ವಿ’ ಬೀಳುವ ಸಾಲುಗಳು ಹೆಚ್ಚಾಗಿ ಇವು. ಎರಿಯ ಕಪ್ಪು ಬಣ್ಣ ಕಂಡು ‘ಇದರಲ್ಲಿ ಸಾವಯವ ಅಂಶ ಹೇರಳ’ ಎಂದು ಬರೆದಿರುತ್ತೇವೆ. ನಮ್ಮ ಎರಿ ಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆಯೇ, ಬಣ್ಣವನ್ನು ಅದರ ಅಳತೆಗೋಲು ಮಾಡಲು ಬರುವುದಿಲ್ಲ. ಮಸಾರಿಯ ಕೆಂಪು ಮಾತ್ರ ಕಬ್ಬಿಣದ ಆಕ್ಸೈಡಿನದು ಎಂದು ಧೈರ್ಯವಾಗಿ ಹೇಳಬಹುದು. ಇನ್ನೊಂದು, ‘ಜೇಡಿಯಲ್ಲಿ ರಂಧ್ರಗಳೇ ಇಲ್ಲ’ ಎಂಬುದು. ಒಟ್ಟು ರಂಧ್ರಾವಕಾಶ ಜೇಡಿಯಲ್ಲೇ ಹೆಚ್ಚು, ಆದರೆ ಒಂದೊಂದು ರಂಧ್ರವೂ ತೀರಾ ಸಣ್ಣದು. ಜೇಡಿಯ ಕಣ 0.002 ಮಿ.ಮೀ.ಗಿಂತ ಚಿಕ್ಕದು, ಮರಳಿನ ಕಣ 2 ಮಿ.ಮೀ.ವರೆಗೂ ಇರುತ್ತದೆ. ಅದಕ್ಕೇ ನೀರು ನಿಧಾನ ಇಳಿಯುವುದು, ಅದಕ್ಕೇ ಇಳಿದ ಮೇಲೆ ಬಿಡದೆ ಹಿಡಿದುಕೊಳ್ಳುವುದು. ಇಬ್ಬರಿಗೂ ಅನುಮಾನ ಉಳಿದ ಸಾಲಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನದವರನ್ನೋ, ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಇಡೀ ಪಾಠ ಕಳಿಸಿ ‘ನೋಡಿಕೊಡ್ರಿ’ ಅನ್ನಬೇಡಿ. ಒಂದು ಸಾಲು, ಒಂದು ಪ್ರಶ್ನೆ ಕಳಿಸಿದರೆ ಉತ್ತರ ಬರುತ್ತದೆ.

ನುಡಿಯಲ್ಲಿ ಟೈಪ್ ಮಾಡಿದರೆ

ಶಾಲೆಯ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಗೂಗಲ್ ಡಾಕ್ಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಮೂಲ ಸಂಕೇತವೇ ಹೊರಗೆ ಬರುತ್ತದೆ. ಪರಿವರ್ತಕ ಬಳಸಿ, ಯಾವ ಸಾಧನದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ತಂದುಕೊಳ್ಳಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಿ, ಪರಿವರ್ತನೆಯಲ್ಲಿ ಮೊದಲು ಏಟು ತಿನ್ನುವುದು ಅವೇ. ಹೊಸದಾಗಿ ಬರೆಯುವವರು ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯಲಿ. ಫೋನಿನ ಕೀಬೋರ್ಡ್ ಬರೆಯುವುದು ಯೂನಿಕೋಡೇ, ಅದಕ್ಕೆ ಏನೂ ಮಾಡಬೇಕಿಲ್ಲ.

ಒಂದೇ ಪೈಪು, ಒಂದೇ ವಾರ

ಈ ಪಾಠದ ಜೀವ ಇಲ್ಲಿದೆ, ಕೆಡುವುದೂ ಇಲ್ಲೇ ಹೆಚ್ಚು.

ಹೊಲದಲ್ಲಿ ಮಾಡುವ ಪ್ರಯೋಗಕ್ಕೆ 2 ಇಂಚಿನ ಪಿವಿಸಿ ಪೈಪು, 20 ಸೆಂ.ಮೀ. ಉದ್ದದ್ದು ಬೇಕು. ಒಬ್ಬರು 2 ಇಂಚಿನದು, ಇನ್ನೊಬ್ಬರು ಮನೆ ಕಟ್ಟಿ ಉಳಿದ 4 ಇಂಚಿನ ತುಂಡು ತೆಗೆದುಕೊಂಡರೆ ಪ್ರಯೋಗ ಅಲ್ಲಿಗೆ ಮುಗಿಯಿತು. 200 ಮಿಲಿ ನೀರು 2 ಇಂಚಿನ ಪೈಪಿನಲ್ಲಿ ಸುಮಾರು 10 ಸೆಂ.ಮೀ. ಎತ್ತರ ನಿಲ್ಲುತ್ತದೆ, 4 ಇಂಚಿನದರಲ್ಲಿ ಎರಡೂವರೆ ಸೆಂ.ಮೀ. ಮಾತ್ರ. ನೀರು ಇಳಿಯುವ ನೆಲದ ವಿಸ್ತೀರ್ಣ ನಾಲ್ಕು ಪಟ್ಟು ಬೇರೆ, ಮೇಲಿನಿಂದ ಒತ್ತುವ ನೀರಿನ ಎತ್ತರವೂ ಬೇರೆ. ಬರುವ ಅಂಕಿ ಪೈಪಿನ ವ್ಯತ್ಯಾಸವನ್ನು ತೋರಿಸುತ್ತದೆ, ಮಣ್ಣಿನದನ್ನಲ್ಲ. ಒಂದೇ ಪೈಪು ಕೊಂಡು ಎರಡು ತುಂಡು ಮಾಡಿ, ಒಂದನ್ನು ಹುಬ್ಬಳ್ಳಿಯಲ್ಲಿ ಸಿಕ್ಕಾಗ ಕೊಡಿ ಅಥವಾ ಬಸ್ಸಿನ ಪಾರ್ಸಲ್ಲಿಗೆ ಹಾಕಿ. ನೀರು ಅಳೆಯುವ ಪಾತ್ರೆಯೂ ಒಂದೇ ಬಗೆಯದಿರಲಿ; ಪ್ರಯೋಗಾಲಯದ ಅಳತೆ ಜಾಡಿ ಇಲ್ಲದಿದ್ದರೆ ಮಿಲಿ ಗೆರೆ ಇರುವ ಮಗುವಿನ ಹಾಲಿನ ಬಾಟಲಿ ನಡೆಯುತ್ತದೆ.

ಪೈಪನ್ನು 2 ಸೆಂ.ಮೀ. ನೆಲಕ್ಕೆ ಇಳಿಸಿ. ಮರದ ಹಲಗೆ ಮೇಲಿಟ್ಟು ಮೆಲ್ಲಗೆ ತಟ್ಟಿ, ನೇರ ಸುತ್ತಿಗೆಯಿಂದ ಹೊಡೆದರೆ ಅಂಚಿನ ಸುತ್ತ ಮಣ್ಣು ಸಡಿಲಾಗಿ ನೀರು ಪಕ್ಕದಿಂದ ಹೊರಗೆ ಬರುತ್ತದೆ. ಹೊರಗಿನ ನೆಲ ಒದ್ದೆಯಾಗಿ ಹೊಳೆಯತೊಡಗಿದರೆ ಆ ಯತ್ನ ಬಿಡಿ, ಒಂದು ಮಾರು ಆಚೆ ಹೊಸದಾಗಿ ಹೂಡಿ. ತಿಪ್ಪಿ ಗೊಬ್ಬರ ಹರವಿದ ಜಾಗ, ಕಾಲುದಾರಿ, ಟ್ರ್ಯಾಕ್ಟರಿನ ಗಾಲಿ ಹಾದ ಜಾಡು ಬೇಡ. ಮಸಾರಿ ಹೊಲಕ್ಕೆ ಕೆರೆಯ ಹೂಳು ಹಾಕಿಸಿದ್ದಾರೆಯೇ ಎಂದು ಹೊಲದವರನ್ನು ಕೇಳಿಕೊಳ್ಳಿ. ಹಾಕಿಸಿದ್ದರೆ ಅದು ಅರ್ಧ ಜೇಡಿ ಮಣ್ಣೇ ಆಗಿರುತ್ತದೆ.

ಈಗ ದೊಡ್ಡ ತೊಡಕು. ಮಾರ್ಚಿನಿಂದ ಮೇವರೆಗೆ ಎರಿ ಹೊಲ ಬಾಯಿ ಬಿಟ್ಟಿರುತ್ತದೆ. ಆಗ ಪೈಪು ಹೂಡಿದರೆ 200 ಮಿಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಹಾನಗಲ್ಲಿನಲ್ಲಿ ಮಸಾರಿ ನಿಮಿಷಗಟ್ಟಲೆ ತೆಗೆದುಕೊಂಡಿರುತ್ತದೆ. ಪುಸ್ತಕದಲ್ಲಿ ಇದ್ದದ್ದಕ್ಕೆ ತದ್ವಿರುದ್ಧ. ಇಲ್ಲಿ ಅನೇಕರು ಅಳತೆಯನ್ನೇ ಬದಿಗಿಟ್ಟು ಪುಸ್ತಕದ ಉತ್ತರವನ್ನು ಸ್ಲೈಡಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ, ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಎರಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ನೆನೆದಾಗ ಅದರ ಪದರಗಳ ನಡುವೆ ನೀರು ಸೇರಿ ಉಬ್ಬುತ್ತದೆ. ಮೊದಲ ನೀರು ಇಳಿದದ್ದು ಬಿರುಕಿನಲ್ಲಿ, ಮಣ್ಣಿನ ರಂಧ್ರಗಳಲ್ಲಲ್ಲ. ಅದೇ ಜಾಗದಲ್ಲಿ ಮತ್ತೆ 200 ಮಿಲಿ, ಅದು ಇಳಿದ ಮೇಲೆ ಮತ್ತೊಮ್ಮೆ 200 ಮಿಲಿ ಹಾಕಿ ಸಮಯ ನೋಡಿ. ಬಿರುಕು ದೊಡ್ಡದಿದ್ದರೆ ಮೂರು ಸಲ ಸಾಲದು, ಹಿಂದಿನ ಸಂಜೆಯೇ ಒಂದೆರಡು ಕೊಡ ನೀರು ಹಾಕಿ ಬಿಡಬೇಕು. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಂತೆ ವೇಗ ಬೀಳುತ್ತದೆ. ಮಸಾರಿಯಲ್ಲೂ ಒದ್ದೆಯಾದಂತೆ ವೇಗ ಇಳಿಯುತ್ತದೆ, ಆದರೆ ಅಷ್ಟು ಕುಸಿಯುವುದಿಲ್ಲ. ಎರಡೂ ಕಡೆಯ ಎಲ್ಲ ಅಳತೆಗಳನ್ನೂ ಬರೆದಿಡಿ. ಹೋಲಿಕೆಗೆ ಕೊನೆಯದು, ಚರ್ಚೆಗೆ ಮೊದಲನೆಯದು.

ಇದೇ ಕಾರಣಕ್ಕೆ ಇಬ್ಬರೂ ಒಂದೇ ವಾರ ಮಾಡಬೇಕು. ಹಾನಗಲ್ಲಿನಲ್ಲಿ ಜೂನ್ ಮಳೆ ಬಿದ್ದ ಮರುದಿನ ಒಬ್ಬರು, ರೋಣದಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಬ್ಬರು ಅಳೆದರೆ ತೇವದ ವ್ಯತ್ಯಾಸವೇ ಮೇಲುಗೈ ಆಗುತ್ತದೆ.

ಮಕ್ಕಳಿಗೆ ಬಾಟಲಿ ಪ್ರಯೋಗ

ಮನೆಯಲ್ಲಿ ಪೈಪು ಸಿಗುವುದಿಲ್ಲ. 1 ಲೀಟರಿನ ನೀರಿನ ಬಾಟಲಿ ಸಾಕು. ತಳದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ಮೇಲಿನ ಭಾಗವನ್ನು ತಲೆಕೆಳಗೆ ಮಾಡಿ ಅದೇ ತಳದ ಬಟ್ಟಲಿನಲ್ಲಿ ಕೂರಿಸಿ. ಮುಚ್ಚಳದಲ್ಲಿ ಆರು ತೂತು; ಬಿಸಿ ಸೂಜಿಯ ಕೆಲಸ ದೊಡ್ಡವರದು ಎಂದು ವಿಡಿಯೊದಲ್ಲೂ ಹೇಳಿ, ಬರಹದಲ್ಲೂ ಹೇಳಿ. ಒಳಗೆ ಮುಚ್ಚಳದ ಮೇಲೆ ಹಳೆಯ ಧೋತರದ ಬಟ್ಟೆ ಎರಡು ಮಡಿಕೆ. ಅದರ ಮೇಲೆ 200 ಗ್ರಾಂ ಮಣ್ಣು. ತೂಕ ಮಾಡಲು ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಂಡು ಬರಲಿ. ‘ಒಂದು ಲೋಟ’ ಎಂದು ಬರೆದರೆ ಪ್ರತಿ ಮನೆಯ ಲೋಟ ಬೇರೆ.

ಮಣ್ಣು ಎರಡು ದಿನ ಬಿಸಿಲಿಗೆ ಹರವಿರಬೇಕು. ಎರಿಯ ಹೆಂಟೆಯನ್ನು ಕುಟ್ಟಿ, ರವೆ ಸಾಣಿಗೆಯಲ್ಲಿ ಸಾಣಿಸಿ, ಮಸಾರಿಯನ್ನೂ ಅದೇ ಸಾಣಿಗೆಯಲ್ಲಿ. ಹೆಂಟೆ ಹಾಗೇ ಇದ್ದರೆ ಅವುಗಳ ಸಂದಿಯಲ್ಲಿ ನೀರು ಓಡಿಹೋಗಿ ಎರಿ ಮಸಾರಿಗಿಂತ ಬೇಗ ಸೋರುತ್ತದೆ, ಹೊಲದ ಬಿರುಕಿನ ಕಥೆಯೇ ಇಲ್ಲೂ. ಬಾಟಲಿಯನ್ನು ಹತ್ತು ಸಲ ಮೆಲ್ಲಗೆ ತಟ್ಟಿ ಮಣ್ಣು ಕೂರಿಸಿ. ಮಣ್ಣಿನ ಮೇಲೆ ಒಂದು ತುಂಡು ಕಾಗದ ಹಾಸಿ, 200 ಮಿಲಿ ನೀರನ್ನು ಆ ಕಾಗದದ ಮೇಲೆ ನಿಧಾನ ಸುರಿಯಬೇಕು. ಕಾಗದ ಇಲ್ಲದಿದ್ದರೆ ನೀರಿನ ಧಾರೆ ಕುಳಿ ಮಾಡುತ್ತದೆ, ಕುಳಿಯಿಂದ ಬಾಟಲಿಯ ಗೋಡೆಗೆ ದಾರಿ ಆಗುತ್ತದೆ.

ಕೆಳಗೆ ಬಂದ ನೀರನ್ನು 10 ನಿಮಿಷಕ್ಕೆ, 30 ನಿಮಿಷಕ್ಕೆ, 60 ನಿಮಿಷಕ್ಕೆ, ಆಮೇಲೆ ಮರುದಿನ ಬೆಳಿಗ್ಗೆ ಅಳೆಯಲಿ. ಮರುದಿನದ ಅಳತೆ ಬಿಡುವಂತಿಲ್ಲ. ಎರಿ ಒಂದು ಗಂಟೆಯಲ್ಲಿ ಮುಗಿಯುವುದೇ ಇಲ್ಲ, ಅದನ್ನು ಅಲ್ಲಿಗೇ ನಿಲ್ಲಿಸಿದರೆ ಹಿಡಿದಿಟ್ಟ ನೀರಿನ ಲೆಕ್ಕ ಸಿಗುವುದಿಲ್ಲ. ಲೆಕ್ಕ ಹೇಳಿಕೊಡಲು ಒಂದು ಕಾಲ್ಪನಿಕ ಅಂಕಿ ಸಾಕು: ಹಾಕಿದ್ದು 200, ಬೆಳಿಗ್ಗೆಯವರೆಗೆ ಸೋರಿದ್ದು 130, ಮಣ್ಣಿನಲ್ಲಿ ಉಳಿದದ್ದು 70 ಮಿಲಿ. ಅದು ಕಾಲ್ಪನಿಕ ಎಂದು ಸ್ಲೈಡಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಅರ್ಧ ತರಗತಿ ಅದೇ ಅಂಕಿಯನ್ನು ತುಂಬಿ ಕಳಿಸುತ್ತದೆ. ರಾತ್ರಿ ಆವಿಯಾಗದಂತೆ ಮೇಲೊಂದು ತಟ್ಟೆ ಮುಚ್ಚಿರಲಿ.

ಚಿತ್ರೀಕರಣ

ಇಬ್ಬರ ಫೋನೂ ಅಡ್ಡ ಹಿಡಿದಿರಬೇಕು, 720ಪಿ, ಸೆಕೆಂಡಿಗೆ 30 ಫ್ರೇಮ್. ಕ್ಯಾಮೆರಾ ಕಪ್ಪು ಮಣ್ಣನ್ನು ಕಂಡರೆ ಬೆಳಕು ಕಡಿಮೆ ಎಂದು ತಿಳಿದು ಚಿತ್ರವನ್ನು ತಾನೇ ಬೆಳ್ಳಗೆ ಮಾಡುತ್ತದೆ. ಎರಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚೌಕಟ್ಟಿನಲ್ಲಿ ಒಂದು ಬಿಳಿ ಎ4 ಹಾಳೆ ಇಡಿ, ಪರದೆಯಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಆಮೇಲೆ ಚಿತ್ರೀಕರಿಸಿ. ಎರಡೂ ಊರಿನ ಚಿತ್ರದಲ್ಲಿ ಹಾಳೆ ಒಂದೇ ಬಿಳುಪಾಗಿ ಕಂಡರೆ ಮಣ್ಣಿನ ಬಣ್ಣದ ಹೋಲಿಕೆಯನ್ನು ನಂಬಬಹುದು.

ನೀರು ಸುರಿಯುವುದರಿಂದ ಹಿಡಿದು ಮುಗಿಯುವವರೆಗೆ ಕಡಿತ ಇರಬಾರದು, ಪಕ್ಕದಲ್ಲಿ ಗಡಿಯಾರ ಕಾಣುತ್ತಿರಬೇಕು. 40 ನಿಮಿಷವನ್ನು 20 ಸೆಕೆಂಡಿಗೆ ಇಳಿಸಿದರೆ 120 ಪಟ್ಟು ವೇಗ. ಅದನ್ನು ಪರದೆಯ ಮೇಲೆ ಬರೆಯಿರಿ. ಜಾಡಿಯಲ್ಲಿ ಮಣ್ಣು ಕಲಕಿ ಮರಳು, ಜೇಡಿ ಬೇರೆಯಾಗುವುದನ್ನು ತೋರಿಸುವುದಿದ್ದರೆ ವಿಡಿಯೊ ಬೇಡ, 10 ಸೆಕೆಂಡಿಗೆ ಒಂದು ಫೋಟೊ ತೆಗೆಯುವ ಟೈಮ್‌ಲ್ಯಾಪ್ಸ್ ಇಡಿ. 2 ಗಂಟೆಗೆ 720 ಫೋಟೊ, ಅಂದರೆ 24 ಸೆಕೆಂಡಿನ ತುಣುಕು. ಜೇಡಿ ಆಗಲೂ ತೇಲುತ್ತಲೇ ಇರುತ್ತದೆ, ಮರುದಿನ ಒಂದು ಫೋಟೊ ಸೇರಿಸಿ.

ಹೊಲದಲ್ಲಿ ಮಾತು ರೆಕಾರ್ಡ್ ಮಾಡಬೇಡಿ. ಗದಗ ಕಡೆಯ ಗಾಳಿ ಮೈಕಿನಲ್ಲಿ ಗರಗರ ಅನ್ನುವುದನ್ನು ಯಾವ ಆ್ಯಪ್ಪೂ ಪೂರ್ತಿ ತೆಗೆಯುವುದಿಲ್ಲ. ಚಿತ್ರ ಅಲ್ಲಿ, ಮಾತು ಮನೆಯೊಳಗೆ: ಫ್ಯಾನ್ ಬಂದ್, ಫೋನ್ ಏರೋಪ್ಲೇನ್ ಮೋಡಿನಲ್ಲಿ, ಮೈಕು ಬಾಯಿಂದ 15–20 ಸೆಂ.ಮೀ. ಹಾಸಿಗೆ, ಬಟ್ಟೆ ತುಂಬಿದ ಕೋಣೆ ಖಾಲಿ ತರಗತಿಗಿಂತ ಒಳ್ಳೆಯದು. ಮಾತು ಶುರುಮಾಡುವ ಮೊದಲು 10 ಸೆಕೆಂಡು ಸುಮ್ಮನೆ ಕೂತು ಕೋಣೆಯ ಸದ್ದನ್ನೇ ಹಿಡಿಯಿರಿ, ಗದ್ದಲ ತೆಗೆಯಲು ಅದು ಬೇಕಾಗುತ್ತದೆ. ನಾಲ್ಕು ನಿಮಿಷಕ್ಕೆ 350 ಪದ ಸಾಕು. ಪಠ್ಯದ ಪದ ಪರದೆಯ ಮೇಲಿರಲಿ, ಮಾತು ನಮ್ಮದೇ ಇರಲಿ: ‘ಈಗ ಇನ್ನೂರು ಮಿಲಿ ನೀರ ಹಾಕ್ತೀನಿ, ಟೈಮ್ ನೋಡ್ಕೋರಿ.’ ಸ್ಕ್ರಿಪ್ಟ್ ಓದುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಮಕ್ಕಳು ಮುಂದಕ್ಕೆ ಓಡಿಸುತ್ತಾರೆ.

ಕಳಿಸುವುದು, ಕತ್ತರಿಸುವುದು

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಗಡಿಯಾರದ ಅಂಕಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಹಾಗೇ ಹೋಗುತ್ತದೆ. ಗೂಗಲ್ ಡ್ರೈವ್ ಆದರೆ ಉಚಿತ ಖಾತೆಗೆ 15 ಜಿ.ಬಿ., ಅದರಲ್ಲೇ ಮೇಲ್ ಮತ್ತು ಫೋಟೊ ಕೂಡ. ಫೋನಿನ ಕಚ್ಚಾ ವಿಡಿಯೊ ನಿಮಿಷಕ್ಕೆ 90 ಎಂ.ಬಿ. ಆಸುಪಾಸು ಹಿಡಿಯಬಹುದಾದ್ದರಿಂದ ಕೆಟ್ಟ ಯತ್ನಗಳನ್ನು ಏರಿಸಬೇಡಿ. ಫೈಲಿನ ಹೆಸರು ಅಂಕಿಯಿಂದ ಶುರುವಾಗಲಿ: ‘03-ಎರಿ-ಪೈಪ್-ಯತ್ನ2’. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳನ್ನು ಮೊದಲ ದಿನವೇ ನಿಷೇಧಿಸಿಬಿಡಿ.

ಮುಗಿದ ವಿಡಿಯೊವನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸೆಕೆಂಡಿಗೆ 1 ಮೆಗಾಬಿಟ್‌ಗೆ ಇಳಿಸಿದರೆ ನಿಮಿಷಕ್ಕೆ ಸುಮಾರು 7.5 ಎಂ.ಬಿ., ನಾಲ್ಕು ನಿಮಿಷಕ್ಕೆ 30. ಹಳ್ಳಿಯ ನೆಟ್‌ವರ್ಕಿಗೆ ಅದು ಸಹ್ಯ. ಯೂಟ್ಯೂಬಿಗೆ ಹಾಕುವಾಗ ‘ಮಕ್ಕಳಿಗಾಗಿ ಮಾಡಿದ್ದು’ ಎಂದು ಆರಿಸಿದರೆ ಕಾಮೆಂಟು ಬಂದ್ ಆಗುತ್ತದೆ. ಪ್ರಶ್ನೆ ಕೇಳಲು ಬೇರೆ ದಾರಿ ಇಟ್ಟುಕೊಳ್ಳಿ. ಮಕ್ಕಳ ಮುಖ ತೋರಿಸಬೇಡಿ, ಕೈ ಮತ್ತು ಬಾಟಲಿ ಸಾಕು. ತೋರಿಸಲೇಬೇಕಾದರೆ ಪೋಷಕರ ಲಿಖಿತ ಒಪ್ಪಿಗೆ ಮೊದಲು. ಇಬ್ಬರೂ ತಮ್ಮ ತಮ್ಮ ಮುಖ್ಯಶಿಕ್ಷಕರಿಗೆ ಒಂದು ಪತ್ರ ಕೊಟ್ಟಿರಿ. ಅಂತರ್ಜಾಲದಿಂದ ತೆಗೆದ ಚಿತ್ರದ ಬದಲು ನೀವೇ ತೆಗೆದ ಚಿತ್ರ ಬಳಸಿದರೆ ಹಕ್ಕಿನ ತಕರಾರೇ ಇರುವುದಿಲ್ಲ.

ಫಾರ್ಮ್‌ನಲ್ಲಿ ಕೆಡುವುದು

ಗೂಗಲ್ ಫಾರ್ಮ್‌ನಲ್ಲಿ ‘ಎಷ್ಟು ನೀರು?’ ಎಂದು ಖಾಲಿ ಬಿಟ್ಟರೆ ‘40’, ‘೪೦’, ‘40 ಮಿಲಿ’, ‘ಸ್ವಲ್ಪ’ ಎಲ್ಲವೂ ಬರುತ್ತವೆ. ‘40 ಮಿಲಿ’ ಶೀಟಿಗೆ ಅಂಕಿಯಲ್ಲ, ಅಕ್ಷರ. ಸರಾಸರಿ ತೆಗೆಯುವಾಗ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ರೆಸ್ಪಾನ್ಸ್ ವ್ಯಾಲಿಡೇಶನ್ ಹಾಕಿ: ಅಂಕಿ ಮಾತ್ರ, 0ರಿಂದ 200ರ ಒಳಗೆ. ಘಟಕ ಪ್ರಶ್ನೆಯಲ್ಲೇ ಇರಲಿ, ‘ಮಿಲಿಯಲ್ಲಿ ಅಂಕಿ ಮಾತ್ರ ಬರೆಯಿರಿ, ಉದಾ: 35’. ತಾಲ್ಲೂಕನ್ನು ಪಟ್ಟಿಯಿಂದ ಆರಿಸುವಂತೆ ಮಾಡಿ. ಫೋಟೊ ಏರಿಸುವ ಪ್ರಶ್ನೆ ಇಟ್ಟರೆ ಫಾರ್ಮ್ ಗೂಗಲ್ ಲಾಗಿನ್ ಕೇಳುತ್ತದೆ, ಅಪ್ಪನ ಫೋನಿನಿಂದ ತುಂಬುವ ಮಗು ಅಲ್ಲೇ ನಿಲ್ಲುತ್ತದೆ. ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬರಲಿ. ಫೋನ್ ನಂಬರು ಕೇಳಬೇಡಿ, ಶಾಲೆ ಮತ್ತು ಹಾಜರಿ ಸಂಖ್ಯೆ ಸಾಕು.

ಹೋಲಿಸಲು ಸರಾಸರಿಗಿಂತ ಮಧ್ಯಾಂಕ, ಅಂದರೆ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿ, ಒಳ್ಳೆಯದು. ಒಂದು ಬಾಟಲಿಯ ಬಟ್ಟೆ ಜಾರಿ 190 ಮಿಲಿ ಸೋರಿದ್ದರೂ ಮಧ್ಯಾಂಕ ಅಲುಗಾಡುವುದು ಕಡಿಮೆ. ಆ 190ನ್ನು ಅಳಿಸಬೇಡಿ, ನೇರ ತರಗತಿಯಲ್ಲಿ ಅದೇ ಮೊದಲ ಪ್ರಶ್ನೆ ಆಗಲಿ.

ನೇರ ತರಗತಿ

ಹೊತ್ತು ಸಂಜೆ 7ರ ಮೇಲೆ. ಅದಕ್ಕಿಂತ ಮೊದಲು ಫೋನ್ ಹೊಲದಲ್ಲೋ ಅಂಗಡಿಯಲ್ಲೋ ಇರುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷದ ಮಿತಿ, ನಮ್ಮ 30 ನಿಮಿಷಕ್ಕೆ ಅಡ್ಡಿಯಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕೆಲಸ ಚಾಟ್ ನೋಡುವುದು, ಹೆಸರು ಹಿಡಿದು ಪ್ರಶ್ನೆ ಎತ್ತುವುದು: ‘ಸರ್, ಅಣ್ಣಿಗೇರಿಯ ಹುಡುಗಿ ಕೇಳಾಕತ್ತಾಳ, ನೀರ ಕೆಳಗ ಬರವಲ್ದು ಅಂತ.’ ಹತ್ತು ನಿಮಿಷಕ್ಕೊಮ್ಮೆ ಪಾತ್ರ ಅದಲು ಬದಲು. ಇಬ್ಬರೂ ಒಟ್ಟಿಗೆ ವಿವರಿಸತೊಡಗಿದರೆ ಮಕ್ಕಳು ಸುಮ್ಮನಾಗುತ್ತಾರೆ.

ಮೊದಲ 5 ನಿಮಿಷ ಶೀಟಿನ ಅಂಕಿ ತೋರಿಸಿ, ಏನೂ ಹೇಳಬೇಡಿ. ಮುಂದಿನ 10 ನಿಮಿಷ ವಿಚಿತ್ರ ಅಂಕಿಗಳ ಕಾರಣವನ್ನು ಮಕ್ಕಳೇ ಊಹಿಸಲಿ. ಬಿರುಕಿನ ವಿಡಿಯೊ 15ನೆಯ ನಿಮಿಷಕ್ಕೆ, ಅಲ್ಲಿಯವರೆಗೆ ಬಚ್ಚಿಡಿ. ಕೊನೆಗೆ ಹಿಂಗಾರಿಯ ಪ್ರಶ್ನೆ, ಉತ್ತರ ಬರಹದಲ್ಲಿ ಮೂರು ಸಾಲು.

ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಒಂದೇ ಸಾಧನದ ಮೈಕು, ಸ್ಪೀಕರು ತೆರೆದಿರಲಿ. ಎರಡೂ ತೆರೆದರೆ ಒಂದರ ಸದ್ದನ್ನು ಇನ್ನೊಂದು ಹಿಡಿದು ಕೂಗುತ್ತದೆ. ಬೇರೆ ಬೇರೆ ಊರಿನಲ್ಲಿ ಇರುವುದೇ ವಾಸಿ, ಒಂದು ಕಡೆ ಕರೆಂಟ್ ಹೋದರೂ ತರಗತಿ ನಿಲ್ಲುವುದಿಲ್ಲ. ಅದಕ್ಕಾಗಿ ಸ್ಲೈಡು, ವಿಡಿಯೊ ಎರಡೂ ಫೋನಿನಲ್ಲಿ ಇಳಿಸಿಟ್ಟಿರಬೇಕು, ಡ್ರೈವ್ ಕೊಂಡಿಯನ್ನು ನಂಬಿಕೊಳ್ಳಬೇಡಿ. ಒಬ್ಬರು ಎರಡು ನಿಮಿಷ ಕಾಣೆಯಾದರೆ ಇನ್ನೊಬ್ಬರು ಕಾಯದೆ ಮುಂದುವರಿಸಬೇಕು ಎಂದು ಮೊದಲೇ ಮಾತಾಗಿರಲಿ.

ತರಗತಿ ಮುಗಿದ ಅದೇ ವಾರ ಇಬ್ಬರೂ ಮತ್ತೊಮ್ಮೆ 20 ನಿಮಿಷ ಕೂತು ಶೀಟನ್ನೂ ಚಾಟನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಮೂರಕ್ಕಿಂತ ಹೆಚ್ಚು ಮಕ್ಕಳು ಒಂದೇ ಕಡೆ ಎಡವಿದ್ದರೆ ಅದು ಸೂಚನೆಯ ತಪ್ಪು. ಆ ಸಾಲನ್ನು ಸ್ಕ್ರಿಪ್ಟಿನಲ್ಲೂ ಫಾರ್ಮಿನಲ್ಲೂ ಆಗಲೇ ತಿದ್ದಿ. ಕಚ್ಚಾ ವಿಡಿಯೊಗಳಲ್ಲಿ ಪೈಪಿನ ಎಲ್ಲ ಯತ್ನಗಳನ್ನೂ ಪೆನ್‌ಡ್ರೈವಿನಲ್ಲಿ ಉಳಿಸಿ, ಉಳಿದದ್ದನ್ನು ಅಳಿಸಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಅದೇ ಎರಡು ಹೊಲದಲ್ಲಿ ಅದೇ ಪೈಪು ಮತ್ತೆ ಹೂಡಿದರೆ ಮುಂದಿನ ಪಾಠಕ್ಕೆ ಬೇಕಾದ ಇನ್ನರ್ಧ ಅಳತೆ ಸಿಗುತ್ತದೆ.